ಕ್ರೈಸ್ತ ಶ್ರದ್ಧೆಯೂ ಗುಲಾಮರ ವಿಮೋಚನೆಯೂ



ಕಾಲೇಜಿನಲ್ಲಿ ಇಂಗ್ಲೆಂಡಿನ ಚರಿತ್ರೆಯನ್ನು ಬೋಧಿಸುವ ನನ್ನಂಥವರಿಗೆ ಕೆಲವು ಪಾಠಗಳು ಬಾಯಿಪಾಠವಾಗಿಬಿಟ್ಟಿರುತ್ತವೆ. ಗುಲಾಮರ ವ್ಯಾಪಾರ ನಿಂತುಹೋದ ಕಥೆ ಅಂಥವುಗಳಲ್ಲಿ ಒಂದು. ವಿಲ್ಬರ್‌ಫೋರ್ಸ್ ಎಂಬ ದೈವಭಕ್ತನಾದ ಪಾರ್ಲಿಮೆಂಟಿನ ಸದಸ್ಯನಿದ್ದನು. ಕ್ರಿಸ್ತನ ಬೋಧೆಯಿಂದ ಅವನ ಮನಸ್ಸು ಕರಗಿತು. ಇಪ್ಪತ್ತು ವರ್ಷ ಹೋರಾಡಿ 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾನೂನನ್ನು ತಂದನು. 1833ರಲ್ಲಿ ಗುಲಾಮಗಿರಿಯೇ ರದ್ದಾಯಿತು. ಇಷ್ಟನ್ನು ಹತ್ತು ನಿಮಿಷಗಳಲ್ಲಿ ಹೇಳಿ ಪುಸ್ತಕ ಮಡಚುವುದು ನನ್ನ ವಾಡಿಕೆ. ಒಮ್ಮೆ ಹಿಂದಿನ ಬೆಂಚಿನಿಂದ ವಿದ್ಯಾರ್ಥಿಯೊಬ್ಬನೆದ್ದು, "ಸ್ವಾಮಿ, ಆ ಗುಲಾಮರನ್ನು ಕೊಂಡು ಮಾರುತ್ತಿದ್ದವರು ಯಾವ ಮತದವರು?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆದರೆ ಮನೆಗೆ ಬಂದ ಮೇಲೆ ಆ ನಗೆ ಉಳಿಯಲಿಲ್ಲ. ಮಾರಿದವನೂ ಕ್ರೈಸ್ತ, ಬಿಡಿಸಿದವನೂ ಕ್ರೈಸ್ತ. ಇಬ್ಬರ ಮನೆಯಲ್ಲಿಯೂ ಇದ್ದದ್ದು ಒಂದೇ ಬೈಬಲ್ಲು. ಹಾಗಾದರೆ ಈ ಕಾರ್ಯದಲ್ಲಿ ಧರ್ಮಶ್ರದ್ಧೆ ಮಾಡಿದ್ದಾದರೂ ಏನು? ಈ ಪ್ರಶ್ನೆಯನ್ನು ಹಿಡಿದು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಮೊದಲು ಆ ವ್ಯಾಪಾರದ ಗಾತ್ರವನ್ನು ಅರಿಯಬೇಕು. ನಾಲ್ಕು ಶತಮಾನಗಳಿಗೆ ಸ್ವಲ್ಪ ಕಡಮೆಯಾದ ಅವಧಿಯಲ್ಲಿ ಆಫ್ರಿಕದ ತೀರದಿಂದ ಅಮೆರಿಕದ ಕಡೆಗೆ ಹಡಗು ಹತ್ತಿಸಲ್ಪಟ್ಟವರು ಸುಮಾರು 1 ಕೋಟಿ 25 ಲಕ್ಷ ಮಂದಿಯೆಂದು ಹಡಗುಗಳ ದಾಖಲೆಗಳನ್ನು ಶೋಧಿಸಿದ ವಿದ್ವಾಂಸರು ಗಣಿಸಿದ್ದಾರೆ. ಅವರಲ್ಲಿ ಸುಮಾರು 18 ಲಕ್ಷ ಮಂದಿ ಆಚೆಯ ದಡವನ್ನು ಕಾಣಲಿಲ್ಲ. ಬ್ರಿಟಿಷ್ ಹಡಗುಗಳೇ 30 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದವು. ಇದೆಲ್ಲ ಮುಖ್ಯವಾಗಿ ಸಕ್ಕರೆಗಾಗಿ. ನಮ್ಮ ಕಡೆಯ ಆಲೆಮನೆಯನ್ನು ಕಂಡವರಿಗೆ ಕಬ್ಬಿನ ಕೆಲಸವೆಂದರೆ ಏನೆಂಬುದು ಗೊತ್ತು. ಕಡಿದ ಕಬ್ಬನ್ನು ಬೇಗನೆ ಅರೆಯದಿದ್ದರೆ ರಸ ಕೆಡುತ್ತದೆ. ಆದಕಾರಣ ಸುಗ್ಗಿಯ ಕಾಲದಲ್ಲಿ ಗಾಣಕ್ಕೂ ಕೊಪ್ಪರಿಗೆಗೂ ಹಗಲು ರಾತ್ರಿಯೆಂಬ ಭೇದವಿಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಈ ದುಡಿತ ಚಾವಟಿಯ ಕೆಳಗೆ ನಡೆಯುತ್ತಿತ್ತು. ಹುಟ್ಟುವವರಿಗಿಂತ ಸಾಯುವವರು ಹೆಚ್ಚಾಗಿದ್ದುದರಿಂದಲೇ ವರ್ಷ ವರ್ಷವೂ ಹೊಸ ಹಡಗುಗಳು ಬೇಕಾಗುತ್ತಿದ್ದುವು.

ಇನ್ನು ಮತದ ಮಾತು. 1710ರಲ್ಲಿ ಕಾಡ್ರಿಂಗ್‌ಟನ್ ಎಂಬ ಶ್ರೀಮಂತನು ಮರಣಹೊಂದುವಾಗ ಬಾರ್ಬಡೋಸ್ ದ್ವೀಪದಲ್ಲಿದ್ದ ತನ್ನ ಎರಡು ಕಬ್ಬಿನ ತೋಟಗಳನ್ನೂ ಅಲ್ಲಿನ ಗುಲಾಮರನ್ನೂ ಧರ್ಮಕಾರ್ಯಕ್ಕೆಂದು ಉಯಿಲು ಬರೆದನು. ಪಡೆದದ್ದು ಇಂಗ್ಲೆಂಡಿನ ರಾಜಮಾನ್ಯ ಸಭೆಗೆ ಸೇರಿದ ಸುವಾರ್ತಾಪ್ರಸಾರ ಸಂಘ. ಬಿಷಪ್ಪರುಗಳೇ ಅದರ ಹಿರಿಯರು. ಸಂಘದವರು ಆ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ. ಓಡಿಹೋದರೆ ಗುರುತು ಸಿಕ್ಕಬೇಕೆಂದು, ಹೊಸದಾಗಿ ಕೊಂಡವರ ಎದೆಯ ಮೇಲೆ ‘ಸೊಸೈಟಿ’ ಎಂಬ ಪದವನ್ನು ಕಾದ ಕಬ್ಬಿಣದಿಂದ ಒತ್ತಿಸುತ್ತಿದ್ದರು. 1730ರ ದಶಕದ ಆರಂಭದವರೆಗೆ ಇದು ನಡೆಯಿತು. ಇವರು ದುಷ್ಟರೆಂದು ತಳ್ಳಿಬಿಡುವುದು ಸುಲಭ. ಆದರೆ ಅವರು ಪ್ರಾರ್ಥನೆ ಮಾಡುವವರು, ಉಪವಾಸ ಹಿಡಿಯುವವರು, ಸಂಬಳ ಕೊಟ್ಟು ಉಪದೇಶಕರನ್ನು ಅದೇ ತೋಟಗಳಿಗೆ ಕಳುಹಿಸಿದವರು. ಗುಲಾಮನ ಆತ್ಮ ಉದ್ಧಾರವಾಗಬೇಕೆಂಬ ಕಾಳಜಿ ಅವರಿಗೆ ನಿಜವಾಗಿಯೂ ಇತ್ತು. ಅವನ ಬೆನ್ನಿನ ಕಾಳಜಿ ಮಾತ್ರ ಇರಲಿಲ್ಲ.

ಆತ್ಮಕ್ಕೂ ಬೆನ್ನಿಗೂ ನಡುವೆ ಗೋಡೆ ಕಟ್ಟಲು ಕಾನೂನೇ ನೆರವಾಯಿತು. ಕ್ರೈಸ್ತನನ್ನು ಕ್ರೈಸ್ತನು ಗುಲಾಮನಾಗಿಟ್ಟುಕೊಳ್ಳಬಾರದೆಂಬ ಹಳೆಯ ಭಾವನೆಯೊಂದು ಜನರಲ್ಲಿ ಇತ್ತು. ಹಾಗಾದರೆ ದೀಕ್ಷಾಸ್ನಾನ ಪಡೆದ ಗುಲಾಮನ ಗತಿಯೇನು? 1667ರಲ್ಲಿ ವರ್ಜೀನಿಯದ ಶಾಸನಸಭೆ, ದೀಕ್ಷಾಸ್ನಾನದಿಂದ ಯಾರ ದಾಸ್ಯಸ್ಥಿತಿಯೂ ಬದಲಾಗುವುದಿಲ್ಲವೆಂದು ವಿಧಿಸಿ ಒಡೆಯರ ಸಂಶಯವನ್ನು ಪರಿಹರಿಸಿತು. ಒಂದು ಶ್ರದ್ಧೆಯಿಂದ ಲೋಕದಲ್ಲಿ ಯಾವ ಪರಿಣಾಮವೂ ಆಗಕೂಡದೆಂದು ಕಾನೂನಿನ ಮೂಲಕ ಕಟ್ಟುಮಾಡಿದ ಉದಾಹರಣೆ ಇದಕ್ಕಿಂತ ಸ್ಪಷ್ಟವಾಗಿ ನನಗೆ ಬೇರೆಲ್ಲಿಯೂ ದೊರೆತಿಲ್ಲ. ‘ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ’ ಎಂದು ನಾವು ಗೇಲಿ ಮಾಡುತ್ತೇವೆ. ಅಲ್ಲಿಯವರು ಅದನ್ನು ಶಾಸನಗ್ರಂಥಕ್ಕೇ ಏರಿಸಿದರು.

ಜಾನ್ ನ್ಯೂಟನ್ ಎಂಬ ಪಾದ್ರಿಯ ಜೀವನ ಇನ್ನೂ ವಿಸ್ಮಯಕರವಾದುದು. ಅವನು ರಚಿಸಿದ ಕೀರ್ತನೆಗಳನ್ನು ಇಂಗ್ಲಿಷ್ ಬಲ್ಲ ಕ್ರೈಸ್ತರೆಲ್ಲರೂ ಹಾಡುತ್ತಾರೆ. ಮೊದಲು ಗುಲಾಮರ ಹಡಗಿನ ನಾವಿಕನಾಗಿದ್ದವನು 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ, ದೇವರ ಮೊರೆಹೊಕ್ಕು, ಮನಸ್ಸು ತಿರುಗಿ ಭಕ್ತನಾದನೆಂಬುದು ಪ್ರಸಿದ್ಧ ಕಥೆ. ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ನಡೆದದ್ದೇನೆಂದರೆ, ಮನಸ್ಸು ತಿರುಗಿದ ಮೇಲೆಯೇ ಅವನು ಕಪ್ತಾನನಾದದ್ದು. 1750ರಿಂದ 1754ರವರೆಗೆ ಮೂರು ಪ್ರಯಾಣಗಳಲ್ಲಿ ಅವನು ಗುಲಾಮರ ಹಡಗನ್ನು ನಡೆಸಿದನು. ಮೇಲಿನ ಅಟ್ಟದಲ್ಲಿ ಭಾನುವಾರದ ಪ್ರಾರ್ಥನೆ, ಕೆಳಗಿನ ಅಟ್ಟದಲ್ಲಿ ಸಂಕೋಲೆ. ಕೊನೆಗೆ ಅವನು ಆ ವೃತ್ತಿಯನ್ನು ಬಿಟ್ಟದ್ದೂ ಮನಃಸಾಕ್ಷಿಯ ಕಾರಣದಿಂದಲ್ಲ, ದೇಹಾಲಸ್ಯದಿಂದ. ಆ ವ್ಯಾಪಾರವನ್ನು ಖಂಡಿಸಿ ಅವನು ಬರೆದದ್ದು 1788ರಲ್ಲಿ. ಅಂದರೆ ಮೂವತ್ತನಾಲ್ಕು ವರ್ಷಗಳ ಅನಂತರ. ತನ್ನ ತಪ್ಪೊಪ್ಪಿಗೆ ಬಹಳ ತಡವಾಯಿತೆಂದು ಆ ಪುಸ್ತಿಕೆಯಲ್ಲಿ ಅವನೇ ಮರೆಮಾಚದೆ ಹೇಳಿಕೊಂಡಿದ್ದಾನೆ. ಅವನ ಭಕ್ತಿ ಕಪಟವಾಗಿತ್ತೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾದ ಭಕ್ತಿಯೂ ತನ್ನ ಜೀವನೋಪಾಯದ ಲೆಕ್ಕದ ಪುಸ್ತಕವನ್ನು ತೆರೆಯದೆ ಮೂವತ್ತು ವರ್ಷ ಬಾಳಬಲ್ಲುದು; ಅಷ್ಟೆ.

ಆ ಪುಸ್ತಕವನ್ನು ಮೊದಲು ತೆರೆದವರಲ್ಲಿ ಜಾನ್ ವುಲ್‌ಮನ್ ಒಬ್ಬನು. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಒಂದು ಸಣ್ಣ ಊರಿನಲ್ಲಿ ಅಂಗಡಿಯ ಗುಮಾಸ್ತನಾಗಿದ್ದ ಈ ತರುಣನು ಕ್ವೇಕರ್ ಪಂಥಕ್ಕೆ ಸೇರಿದವನು. ಈ ಪಂಥದವರಲ್ಲಿ ಪಾದ್ರಿಗಳಿಲ್ಲ. ಪ್ರತಿಯೊಬ್ಬ ಮನುಷ್ಯನ ಒಳಗೂ ದೈವಜ್ಯೋತಿಯಿದೆಯೆಂದು ನಂಬಿ, ಮೌನವಾಗಿ ಕುಳಿತು, ಪ್ರೇರಣೆಯಾದವರು ಎದ್ದು ಮಾತನಾಡುವುದೇ ಅವರ ಪೂಜೆ. ಒಂದು ದಿನ ವುಲ್‌ಮನ್ನನ ಯಜಮಾನನು ತನ್ನಲ್ಲಿದ್ದ ನೀಗ್ರೋ ಹೆಂಗಸನ್ನು ಮಾರಿ, ಕ್ರಯಪತ್ರ ಬರೆಯೆಂದು ಗುಮಾಸ್ತನಿಗೆ ಹೇಳಿದನು. ಕೊಳ್ಳುವವನು ಎದುರಿಗೇ ಕಾದಿದ್ದನು. ಅವನೂ ಕ್ವೇಕರ್ ಪಂಥದ ವೃದ್ಧ. ವುಲ್‌ಮನ್ ತಡವರಿಸಿದನು, ಆದರೆ ಬರೆದನು. ಬರೆದು ಮುಗಿಸಿ, ಗುಲಾಮರನ್ನಿಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದತಕ್ಕ ಆಚಾರವಲ್ಲವೆಂದು ತನಗೆ ತೋರುತ್ತದೆಂಬುದನ್ನು ಇಬ್ಬರ ಮುಂದೆಯೂ ನುಡಿದನು. ಮಾತು ಅಷ್ಟೆ. ಪತ್ರ ರದ್ದಾಗಲಿಲ್ಲ, ಹೆಂಗಸು ಬಿಡುಗಡೆಯಾಗಲಿಲ್ಲ. ಆದರೆ ಅದರ ಮುಂದಿನ ಸಲ ಇನ್ನೊಬ್ಬನು ಬಂದು ಅಂಥದೇ ಪತ್ರವನ್ನು ಕೇಳಿದಾಗ ವುಲ್‌ಮನ್ ಲೇಖನಿಯನ್ನು ಮುಟ್ಟಲಿಲ್ಲ.

ಅವನ ಉಳಿದ ಆಯುಷ್ಯವೆಲ್ಲ ಈ ಒಂದು ನಿರಾಕರಣೆಯ ವಿಸ್ತರಣವೆನ್ನಬಹುದು. ನೆರೆಯವರ ಉಯಿಲುಗಳನ್ನು ಬರೆಯುವಾಗ, ಗುಲಾಮನನ್ನು ಮಗನಿಗೆ ಬಿಟ್ಟುಹೋಗುವ ಭಾಗವನ್ನು ಮಾತ್ರ ಬರೆಯಲಾರೆನೆಂದು ವಿನಯದಿಂದ ಹೇಳುತ್ತಿದ್ದನು. ಹೀಗೆ ಹೇಳಿದ್ದರಿಂದ ಉಯಿಲು ಬರೆಸಬಂದವನು ಮನಸ್ಸು ತಿರುಗಿ ಗುಲಾಮನನ್ನು ಬಿಟ್ಟುಕೊಟ್ಟದ್ದೂ ಉಂಟು. ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ ಆತಿಥ್ಯ ಕೊಟ್ಟ ಮನೆಯ ಗುಲಾಮರ ಕೈಗೆ, ತನಗೆ ಮಾಡಿದ ಸೇವೆಯ ಕೂಲಿಯೆಂದು ಬೆಳ್ಳಿಯ ನಾಣ್ಯಗಳನ್ನು ಕೊಟ್ಟುಹೋಗುತ್ತಿದ್ದನು. ಅತಿಥಿಯ ಈ ನಡತೆಯನ್ನು ಕಂಡ ಆ ಮನೆಯ ಯಜಮಾನನ ಮುಖ ಹೇಗಾಗಿದ್ದಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ! ಅವನು ಸಕ್ಕರೆಯನ್ನು ಬಿಟ್ಟನು. ಬಣ್ಣ ಹಾಕದ ಬಟ್ಟೆಯನ್ನು ಉಟ್ಟನು. ನೋಡಿ ನಕ್ಕವರೂ ಇದ್ದರು. ಆದರೆ ಅವನು ಯಾರನ್ನೂ ಬಯ್ಯಲಿಲ್ಲ. ಮನೆಮನೆಗೆ ಹೋಗಿ ಕುಳಿತು ಮಾತನಾಡಿದನು. 1758ರಲ್ಲಿ ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆ, ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಗಳಿಗೆ ಹೋಗಿ ಬೋಧಿಸಲು ಕೆಲವರನ್ನು ನೇಮಿಸಿತು, ವುಲ್‌ಮನ್ ಅವರಲ್ಲೊಬ್ಬನು. 1776ರಲ್ಲಿ ಅದೇ ಸಭೆ, ಗುಲಾಮರನ್ನು ಬಿಡದವನು ತಮ್ಮ ಪಂಥದವನಲ್ಲವೆಂದು ನಿರ್ಣಯಿಸಿತು. ಅಷ್ಟರಲ್ಲಿ ವುಲ್‌ಮನ್ ಇರಲಿಲ್ಲ. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡಿದ್ದನು. ಪರರಿಗೆ ಬೋಧಿಸುವ ಮುನ್ನ ಒಂದು ಧಾರ್ಮಿಕ ಸಮಾಜ ತನ್ನ ಮನೆಯನ್ನು ತಾನೇ ಗುಡಿಸಿಕೊಂಡದ್ದು ಹೀಗೆ. ಅದಕ್ಕೆ ಹದಿನೆಂಟು ವರ್ಷ ಹಿಡಿಯಿತು.

ಕ್ವೇಕರರಿಗೆ ಇಂಗ್ಲೆಂಡಿನಲ್ಲಿ ಒಂದು ತೊಡಕಿತ್ತು. ಪ್ರಮಾಣವಚನ ಮಾಡುವುದು ಅವರ ಮತಕ್ಕೆ ವಿರೋಧ. ಆದಕಾರಣ ಪಾರ್ಲಿಮೆಂಟಿನ ಬಾಗಿಲು ಅವರಿಗೆ ಮುಚ್ಚಿತ್ತು. ಅವರಿಗೆ ರಾಜಮಾನ್ಯ ಸಭೆಗೆ ಸೇರಿದ ಜೊತೆಗಾರರು ಬೇಕಾಗಿದ್ದರು. ಅಂಥವನೊಬ್ಬನು ದೊರೆತದ್ದು, ನಂಬಿದರೆ ನಂಬಿ, ಒಂದು ಪರೀಕ್ಷಾಪ್ರಬಂಧದಿಂದ. 1785ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದವರು ಲ್ಯಾಟಿನ್ ಪ್ರಬಂಧದ ಬಹುಮಾನಕ್ಕೆ, ಇಷ್ಟವಿಲ್ಲದವರನ್ನು ದಾಸರನ್ನಾಗಿ ಮಾಡುವುದು ನ್ಯಾಯವೆ ಎಂಬ ವಿಷಯವನ್ನು ಕೊಟ್ಟರು. ಪಾದ್ರಿಯಾಗಲು ಸಿದ್ಧನಾಗುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಎಂಬ ಇಪ್ಪತ್ತೈದು ವರ್ಷದ ತರುಣನು ಬಹುಮಾನದ ಆಸೆಯಿಂದಲೇ ಬರೆಯಲು ಕುಳಿತನು. ಸಾಮಗ್ರಿಯನ್ನು ಓದುತ್ತ ಓದುತ್ತ ಅವನಿಗೆ ನಿದ್ದೆ ಹೋಯಿತು. ಬಹುಮಾನವೇನೋ ಬಂತು. ಅನಂತರ ಕುದುರೆಯ ಮೇಲೆ ಲಂಡನ್ನಿಗೆ ಹೋಗುವಾಗ ಹರ್ಟ್‌ಫರ್ಡ್ ಪ್ರಾಂತದ ವೇಡ್ಸ್‌ಮಿಲ್ ಎಂಬಲ್ಲಿ ಅವನು ಕುದುರೆಯಿಂದಿಳಿದು ರಸ್ತೆಯ ಪಕ್ಕದಲ್ಲಿ ಕುಳಿತುಬಿಟ್ಟನು. ಪ್ರಬಂಧದಲ್ಲಿ ತಾನು ಬರೆದದ್ದು ನಿಜವಾದರೆ, ಇದನ್ನು ಕೊನೆಗಾಣಿಸುವವನೊಬ್ಬನು ಎಲ್ಲಿಂದಲಾದರೂ ಹುಟ್ಟಬೇಕಲ್ಲ ಎಂಬ ಯೋಚನೆ ಅವನನ್ನು ಹಿಡಿಯಿತು. ಪ್ರತಿ ವರ್ಷವೂ ನೂರಾರು ಪ್ರಬಂಧಗಳನ್ನು ತಿದ್ದುವ ವೃತ್ತಿಯವನಾದ ನನಗೆ, ತಾನು ಬರೆದ ಉತ್ತರವನ್ನು ನಿಜವೆಂದು ನಂಬಿಬಿಟ್ಟ ಈ ವಿದ್ಯಾರ್ಥಿಯ ವಿಷಯದಲ್ಲಿ ವಿಶೇಷ ಆದರವಿರುವುದು ಸಹಜವಾಗಿದೆ.

1787ರ ಮೇ 22ರಂದು ಲಂಡನ್ನಿನ ಜಾರ್ಜ್ ಯಾರ್ಡಿನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಜನ ಸೇರಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಸಂಘವನ್ನು ಸ್ಥಾಪಿಸಿದರು. ಒಂಬತ್ತು ಮಂದಿ ಕ್ವೇಕರರು. ಉಳಿದ ಮೂವರಲ್ಲಿ ಕ್ಲಾರ್ಕ್‌ಸನ್ ಒಬ್ಬನು. ಸಾಕ್ಷ್ಯವನ್ನು ಸಂಗ್ರಹಿಸುವ ಕೆಲಸ ಅವನದಾಯಿತು. ಅವನು ಬ್ರಿಸ್ಟಲ್ಲಿಗೂ ಲಿವರ್‌ಪೂಲಿಗೂ ಹೋದನು. ಆ ಊರುಗಳ ವೈಭವವೆಲ್ಲ ಈ ವ್ಯಾಪಾರದಿಂದ ಬಂದುದು. ಲಿವರ್‌ಪೂಲಿನ ಅಂಗಡಿಯೊಂದರ ಕಿಟಕಿಯಲ್ಲಿ ಕೈಕೋಳ, ಕಾಲಿನ ಬೇಡಿ, ಹೆಬ್ಬೆರಳನ್ನು ಹಿಂಡುವ ತಿರುಪು, ಉಪವಾಸ ಬಿದ್ದು ಸಾಯಹೊರಟವನ ಬಾಯನ್ನು ಬಲಾತ್ಕಾರವಾಗಿ ತೆರೆಯುವ ಕಬ್ಬಿಣದ ಉಪಕರಣ, ಇವೆಲ್ಲ ಮಾರಾಟಕ್ಕೆ ಇಟ್ಟಿದ್ದವು. ಅವನು ಎಲ್ಲವನ್ನೂ ಕೊಂಡು ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರಿಗೆ ತೋರಿಸಿದನು. ಬಂದರುಕಟ್ಟೆಯ ತುದಿಯಲ್ಲಿ ಕೆಲವರು ಅವನನ್ನು ನೀರಿಗೆ ತಳ್ಳಲು ಯತ್ನಿಸಿದರು.

ಅವನ ಬುದ್ಧಿವಂತಿಕೆ ಎಲ್ಲಿತ್ತೆಂದರೆ, ಅವನು ಕೇವಲ ಕರುಣೆಯ ಮಾತನ್ನು ಆಡಲಿಲ್ಲ. ಆ ವ್ಯಾಪಾರ ಬ್ರಿಟಿಷ್ ನಾವಿಕರ ತರಬೇತಿಶಾಲೆಯೆಂದು ವರ್ತಕರು ಹೇಳಿಕೊಳ್ಳುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಈ ವಾದಕ್ಕೆ ಬಹಳ ಬೆಲೆಯಿತ್ತು. ಕ್ಲಾರ್ಕ್‌ಸನ್ ಸುಂಕದ ಕಟ್ಟೆಗಳಲ್ಲಿ ಧೂಳು ಹಿಡಿದಿದ್ದ ನಾವಿಕರ ಹಾಜರಿಪಟ್ಟಿಗಳನ್ನು ತೆಗೆಸಿ, ಸುಮಾರು 20,000 ನಾವಿಕರು ಏನಾದರೆಂಬುದನ್ನು ಹೆಸರು ಹೆಸರಾಗಿ ಹುಡುಕಿ, ಆ ಹಡಗುಗಳು ನಾವಿಕರ ಪಾಲಿಗೆ ಶಾಲೆಯಲ್ಲ, ಸ್ಮಶಾನವೆಂಬುದನ್ನು ಅಂಕಿಗಳಿಂದ ತೋರಿಸಿಕೊಟ್ಟನು. ಇನ್ನೊಂದು ಸಂದರ್ಭದಲ್ಲಿ, ಆಫ್ರಿಕದ ನದಿಯೊಂದರಲ್ಲಿ ರಾತ್ರಿ ದೋಣಿಗಳು ಹೋಗಿ ಹಳ್ಳಿಗರನ್ನು ಹಿಡಿದು ತರುವುದನ್ನು ಕಣ್ಣಾರೆ ಕಂಡ ನಾವಿಕನೊಬ್ಬನು ಎಲ್ಲಿಯೋ ಯುದ್ಧದ ಹಡಗಿನಲ್ಲಿದ್ದಾನೆಂದು ಅವನಿಗೆ ತಿಳಿದುಬಂತು. ಹೆಸರು ಗೊತ್ತಿಲ್ಲ, ಹಡಗಿನ ಹೆಸರೂ ಗೊತ್ತಿಲ್ಲ. ಕ್ಲಾರ್ಕ್‌ಸನ್ ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗಿ, ನಿಂತಿದ್ದ ಹಡಗುಗಳನ್ನು ಒಂದೊಂದಾಗಿ ಹತ್ತಿ ಇಳಿದು, ಕೊನೆಗೆ ಪ್ಲಿಮತ್ತಿನಲ್ಲಿ ಅವನನ್ನು ಕಂಡುಹಿಡಿದನು. ಒಬ್ಬ ಸಾಕ್ಷಿಗಾಗಿ ಅಷ್ಟು ಅಲೆದಾಟ! ಅವನು ಈ ಕಾರ್ಯಕ್ಕಾಗಿ ಕುದುರೆಯ ಮೇಲೆ ಮಾಡಿದ ಪ್ರಯಾಣ ಒಟ್ಟು 35,000 ಮೈಲಿಯೆಂದು ಹೇಳುವುದುಂಟು. ಪಾದ್ರಿಯಾಗುವ ವಿಚಾರ ಎಲ್ಲಿಯೋ ಹಿಂದೆ ಬಿದ್ದುಹೋಯಿತು.

ಸಂಘದವರು ಪ್ರಕಟಿಸಿದ ಒಂದು ಚಿತ್ರವಂತೂ ಎಲ್ಲ ಉಪನ್ಯಾಸಗಳನ್ನೂ ಮೀರಿಸಿತು. ಬ್ರೂಕ್ಸ್ ಎಂಬ ಲಿವರ್‌ಪೂಲಿನ ಹಡಗಿನ ನಕ್ಷೆ ಅದು. ಕಾನೂನು ಅನುಮತಿಸಿದ ಪ್ರಕಾರ, ವಯಸ್ಸಾದ ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲದ ಸ್ಥಳ ಕೊಟ್ಟರೆ ಮನುಷ್ಯರನ್ನು ಹೇಗೆ ಜೋಡಿಸಬೇಕಾಗುತ್ತದೆಂಬುದನ್ನು ಅದರಲ್ಲಿ ಬರೆದಿತ್ತು. ಉಪ್ಪಿನಕಾಯಿಯ ಜಾಡಿಗೆ ಮಿಡಿಗಳನ್ನು ತುಂಬಿದ ಹಾಗೆ 482 ಕಪ್ಪು ಗೊಂಬೆಗಳು. ಅದಕ್ಕೆ ಮುಂಚೆ ಅದೇ ಹಡಗು ಒಂದು ಪ್ರಯಾಣದಲ್ಲಿ 600ಕ್ಕೂ ಹೆಚ್ಚು ಜನರನ್ನು ಒಯ್ದಿತ್ತು. ನಕ್ಷೆಯಲ್ಲಿ ಒಂದಾದರೂ ಉತ್ಪ್ರೇಕ್ಷೆಯಿರಲಿಲ್ಲ. ಇದ್ದಿದ್ದರೆ ಅದು ಅಷ್ಟು ಭಯಂಕರವಾಗಿರುತ್ತಿರಲಿಲ್ಲವೇನೋ.

ಈಗ ವಿಲ್ಬರ್‌ಫೋರ್ಸ್. ಅವನ ಪಾತ್ರವನ್ನು ಕುಗ್ಗಿಸುವುದು ನನ್ನ ಇಚ್ಛೆಯಲ್ಲ. 1785ರಲ್ಲಿ ಧರ್ಮಜಾಗೃತಿಯಾದಾಗ ಅವನು ರಾಜಕೀಯವನ್ನು ಬಿಟ್ಟು ಪಾದ್ರಿಯಾಗಬೇಕೆಂದು ಯೋಚಿಸಿ ಸಲಹೆ ಕೇಳಲು ಹೋದದ್ದು ಮೇಲೆ ಹೇಳಿದ ನ್ಯೂಟನ್ನನ ಬಳಿಗೆ. ಪಾರ್ಲಿಮೆಂಟಿನಲ್ಲಿಯೇ ಇರೆಂದು ನ್ಯೂಟನ್ ಹೇಳಿದನು. ಅದು ಆ ವೃದ್ಧನ ಜೀವನದ ಅತ್ಯುತ್ತಮ ಉಪದೇಶವೆನ್ನಬೇಕು. 1791ರಲ್ಲಿ ಮಸೂದೆ 88ಕ್ಕೆ 163 ಮತಗಳಿಂದ ಸೋತಿತು. 1792ರಲ್ಲಿ ದೇಶದ ಮೂಲೆಮೂಲೆಗಳಿಂದ 519 ಮನವಿಪತ್ರಗಳು ಬಂದುವು. ಆದರೆ ‘ಕ್ರಮೇಣ’ ಎಂಬ ಒಂದೇ ಒಂದು ಪದವನ್ನು ನಡುವೆ ಸೇರಿಸಿ ಗೆಲುವನ್ನು ನಿಷ್ಫಲಗೊಳಿಸಲಾಯಿತು. 1796ರಲ್ಲಿ ನಾಲ್ಕೇ ಮತಗಳ ಅಂತರದಿಂದ ಸೋಲು. ಬೆಂಬಲಿಗರಲ್ಲಿ ಕೆಲವರು ಆ ಸಂಜೆ ಸಂಗೀತನಾಟಕಕ್ಕೆ ಹೋಗಿದ್ದರಂತೆ! 1807ರ ಫೆಬ್ರವರಿಯಲ್ಲಿ 16ಕ್ಕೆ 283 ಮತಗಳಿಂದ ಮಸೂದೆ ಗೆದ್ದಿತು. ಈ ಸಹನೆ ಸಾಮಾನ್ಯವಾದುದಲ್ಲ. ಆದರೆ ಇದೇ ಮಹಾಶಯನು ಇಂಗ್ಲೆಂಡಿನ ಕೂಲಿಕಾರರು ಸಂಘ ಕಟ್ಟಿಕೊಳ್ಳುವುದನ್ನು ನಿಷೇಧಿಸಿದ 1799ರ ಕಾನೂನಿನ ಪರವಾಗಿದ್ದನು. 1813ರಲ್ಲಿ ಹಿಂದೂದೇಶಕ್ಕೆ ಮಿಷನರಿಗಳನ್ನು ಬಿಡಬೇಕೆಂದು ವಾದಿಸುತ್ತ, ನಮ್ಮ ದೇವತೆಗಳ ವಿಷಯದಲ್ಲಿ ನಾವು ಯಾರೂ ಕೇಳಿ ಸಂತೋಷಪಡದ ಮಾತುಗಳನ್ನು ಆಡಿದನು. ಹೆಂಗಸರು ಈ ಚಳವಳಿಯಲ್ಲಿ ಮನೆಮನೆಗೆ ತಿರುಗುವುದನ್ನೂ ಅವನು ಮೆಚ್ಚಲಿಲ್ಲ.

ಆದರೆ ಹೆಂಗಸರು ಅವನ ಮೆಚ್ಚಿಗೆಗೆ ಕಾಯಲಿಲ್ಲ. 1791ರಲ್ಲಿ ಮಸೂದೆ ಸೋತಾಗ ವಿಲಿಯಂ ಫಾಕ್ಸ್ ಎಂಬಾತನು ಒಂದು ಸಣ್ಣ ಪುಸ್ತಿಕೆಯನ್ನು ಹೊರಡಿಸಿ ಒಂದು ಲೆಕ್ಕವನ್ನು ಮುಂದಿಟ್ಟನು: ವಾರಕ್ಕೆ 5 ಪೌಂಡು ಸಕ್ಕರೆ ಬಳಸುವ ಸಂಸಾರ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯನು ಗುಲಾಮನಾಗುವುದು ಅಥವಾ ಸಾಯುವುದು ತಪ್ಪುತ್ತದೆ. ಲೆಕ್ಕ ಎಷ್ಟು ಸರಿಯೋ ಹೇಳಲಾರೆ. ಅದರ ಪರಿಣಾಮ ಮಾತ್ರ ಅಪಾರವಾಯಿತು. ಮತ ಕೊಡುವ ಹಕ್ಕಿಲ್ಲದ ಗೃಹಿಣಿಯ ಕೈಯಲ್ಲಿ ಸಕ್ಕರೆಯ ಬಟ್ಟಲಂತೂ ಇತ್ತಲ್ಲ! ಸುಮಾರು ಮೂರು ಲಕ್ಷ ಮಂದಿ ಸಕ್ಕರೆಯನ್ನು ಬಿಟ್ಟರೆಂದು ಕ್ಲಾರ್ಕ್‌ಸನ್ ಅಂದಾಜು ಮಾಡಿದನು. ಅನಂತರ 1824ರಲ್ಲಿ ಲೆಸ್ಟರ್ ಪಟ್ಟಣದ ಎಲಿಜಬೆತ್ ಹೆಯ್ರಿಕ್ ಎಂಬ ಕ್ವೇಕರ್ ಮಹಿಳೆ, ಗುಲಾಮಗಿರಿಯನ್ನು ಕ್ರಮೇಣವಾಗಿ ಅಲ್ಲ, ಒಡನೆಯೇ ತೆಗೆಯಬೇಕೆಂದು ಬರೆದಳು. ದೊಡ್ಡವರು ಕಿವಿಗೊಡಲಿಲ್ಲ. 1830ರಲ್ಲಿ ಮಹಿಳಾ ಸಂಘಗಳು, ‘ಕ್ರಮೇಣ’ ಎಂಬ ಪದವನ್ನು ಬಿಡದಿದ್ದರೆ ತಮ್ಮ ಚಂದಾಹಣವನ್ನು ಕಳುಹಿಸುವುದಿಲ್ಲವೆಂದು ಬಿಗಿಹಿಡಿದುವು; ಆ ಪದ ಆ ವರ್ಷವೇ ಮಾಯವಾಯಿತು.

ಇಲ್ಲಿ ನಮ್ಮ ದೇಶವೂ ಪ್ರವೇಶಿಸುತ್ತದೆ. ವೆಸ್ಟ್ ಇಂಡೀಸಿನ ಸಕ್ಕರೆ ಬಿಟ್ಟವರಲ್ಲಿ ಹಲವರು ಹಿಂದೂದೇಶದ ಸಕ್ಕರೆಯನ್ನು ತರಿಸಿದರು. ಇದು ಗುಲಾಮರು ಮಾಡಿದ ಸಕ್ಕರೆಯಲ್ಲವೆಂದು ಬಟ್ಟಲಿನ ಮೇಲೆಯೇ ಬರೆಯಿಸಿ ಮೇಜಿನ ಮೇಲೆ ಇಡುತ್ತಿದ್ದರು. ಅದನ್ನು ತರಿಸುವ ವರ್ತಕರಿಗೆ ಇದರಿಂದ ಲಾಭವಿತ್ತೆಂಬುದೂ ನಿಜ. ಆದರೆ ಆ ಬಟ್ಟಲಿನ ಬರಹದಿಂದ ನಾವು ಉಬ್ಬಬೇಕಾಗಿಲ್ಲ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಬುಕಾನನ್ ತನ್ನ ಗ್ರಂಥದಲ್ಲಿ, ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಹುಟ್ಟುಗುಲಾಮರ ವಿಷಯವನ್ನೂ ಮಲಬಾರಿನಲ್ಲಿ ಅವರನ್ನು ಮಾರುವ, ಅಡವಿಡುವ, ಬಾಡಿಗೆಗೆ ಕೊಡುವ ಪದ್ಧತಿಗಳನ್ನೂ ವಿವರಿಸಿದ್ದಾನೆ. ಆ ಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ, ಗುಲಾಮರ ವ್ಯಾಪಾರ ನಿಂತ ವರ್ಷವೇ! 1833ರ ವಿಮೋಚನಾ ಕಾನೂನು ಕಂಪೆನಿಯ ಆಳಿಕೆಗೆ ಸೇರಿದ ನಾಡುಗಳನ್ನು ಹೊರತುಮಾಡಿತು. ಇಲ್ಲಿ ನ್ಯಾಯಾಲಯಗಳು ಗುಲಾಮರ ಮೇಲಣ ಹಕ್ಕನ್ನು ಮನ್ನಿಸದಂತೆ ಕಾನೂನಾದದ್ದು 1843ರಲ್ಲಿ.

ಇದುವರೆಗೆ ಹೇಳಿದ್ದೆಲ್ಲ ಬಿಡಿಸಿದವರ ಕಥೆ. ಬಿಡುಗಡೆಯಾದವರ ಮಾತಿಲ್ಲದೆ ಇದು ಅರ್ಧಸತ್ಯ. 1807ರಲ್ಲಿಯೇ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರ ಉಪಯೋಗಕ್ಕೆಂದು ಆಯ್ದ ಭಾಗಗಳ ಬೈಬಲ್ಲೊಂದು ಅಚ್ಚಾಯಿತು. ಅದರಲ್ಲಿ ಹಳೆಯ ಒಡಂಬಡಿಕೆಯ ಸುಮಾರು ಒಂಬತ್ತು ಪಾಲು, ಹೊಸದರಲ್ಲಿ ಸುಮಾರು ಅರ್ಧ, ಮಾಯವಾಗಿದ್ದುವು. ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಹೊರಬಂದ ಪ್ರಸಂಗ ಅದರಲ್ಲಿಲ್ಲ. ಯಾವ ಪುಟದಲ್ಲಿ ಏನಿದೆಯೆಂಬುದು ಕತ್ತರಿ ಹಿಡಿದವರಿಗೆ ಚೆನ್ನಾಗಿ ಗೊತ್ತಿತ್ತೆಂದಾಯಿತು. ಆದರೆ ಜಮೈಕದಲ್ಲಿ ಗುಲಾಮರು ಇಡಿಯ ಬೈಬಲ್ಲನ್ನು ಓದಿದರು. ಓದಲು ಬಾರದವರು ಕೇಳಿದರು. ಮಾಂಟೆಗೊ ಬೇ ಪಟ್ಟಣದ ಸ್ಯಾಮ್ಯುಅಲ್ ಷಾರ್ಪ್ ಎಂಬ ಗುಲಾಮನು ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಿರಿಯನೂ ಬೋಧಕನೂ ಆಗಿದ್ದನು. ಒಬ್ಬ ಆಳಿಗೆ ಇಬ್ಬರು ಒಡೆಯರಿರುವುದು ಆಗದ ಮಾತೆಂಬ ಸುವಾರ್ತೆಯ ಬೋಧೆಯಿಂದ ಅವನು ತೆಗೆದ ತಾತ್ಪರ್ಯ ಬಹು ಸರಳ. 1831ರ ಕ್ರಿಸ್‌ಮಸ್ ಹಬ್ಬ ಕಳೆದ ಮೇಲೆ, ಕೂಲಿ ಕೊಡದ ಹೊರತು ಯಾರೂ ಕಬ್ಬು ಕಡಿಯಕೂಡದೆಂದು ಪ್ರಾರ್ಥನಾಕೂಟಗಳಲ್ಲಿಯೇ ಪ್ರತಿಜ್ಞೆ ಮಾಡಿಸಿದನು. ಮುಷ್ಕರವಾಗಿ ಪ್ರಾರಂಭವಾದದ್ದು ಡಿಸೆಂಬರ್ 27ರ ರಾತ್ರಿ ತೋಟಗಳಿಗೆ ಬೆಂಕಿ ಬಿದ್ದು ದಂಗೆಯಾಗಿ ಹರಡಿತು. ಬಿಳಿಯರಲ್ಲಿ ಸತ್ತವರು 14 ಮಂದಿ. ಗುಲಾಮರಲ್ಲಿ ಹೊಡೆದಾಟದಲ್ಲಿ 200ಕ್ಕೂ ಹೆಚ್ಚು, ಅನಂತರ ನೇಣಿಗೂ ಗುಂಡಿಗೂ 300ಕ್ಕೂ ಹೆಚ್ಚು. ಷಾರ್ಪನನ್ನು 1832ರ ಮೇ 23ರಂದು ಅವನ ಊರಿನ ಪೇಟೆಯ ಚೌಕದಲ್ಲಿ ಗಲ್ಲಿಗೇರಿಸಿದರು. ಗುಲಾಮನಾಗಿ ಬದುಕುವುದಕ್ಕಿಂತ ಆ ಮರದ ಮೇಲೆ ಸಾಯುವುದೇ ಲೇಸೆಂದು ಅವನು ಸೆರೆಮನೆಯಲ್ಲಿ ನುಡಿದುದನ್ನು ಅವನನ್ನು ಕಂಡುಬಂದ ಪಾದ್ರಿಯೊಬ್ಬನು ಬರೆದಿಟ್ಟಿದ್ದಾನೆ. ತೋಟಗಾರರು ಸೇಡಿಗಾಗಿ ಬ್ಯಾಪ್ಟಿಸ್ಟರ ಮತ್ತು ಮೆಥಡಿಸ್ಟರ ದೇವಾಲಯಗಳನ್ನು ಕೆಡವಿದರು. ನಿಬ್ ಎಂಬ ಮಿಷನರಿ ಇಂಗ್ಲೆಂಡಿಗೆ ಹೋಗಿ, ನಡೆದದ್ದನ್ನು ಪಾರ್ಲಿಮೆಂಟಿನ ಸಮಿತಿಗಳ ಮುಂದೆಯೂ ಊರೂರ ಸಭೆಗಳಲ್ಲಿಯೂ ಹೇಳಿದನು. ಗುಲಾಮಗಿರಿ ಇನ್ನು ನಡೆಯುವಂತಿಲ್ಲವೆಂದು ಸರ್ಕಾರಕ್ಕೆ ಮನದಟ್ಟಾದದ್ದು ಆಗ. 1975ರಲ್ಲಿ ಜಮೈಕ ದೇಶ ಷಾರ್ಪನನ್ನು ರಾಷ್ಟ್ರವೀರನೆಂದು ಸಾರಿತು.

ಇದೆಲ್ಲ ಧರ್ಮದಿಂದಲ್ಲ, ಹಣದ ಕಾರಣದಿಂದ ಆದುದೆಂದು ವಾದಿಸುವ ಪಂಡಿತರುಂಟು. ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ 1944ರಲ್ಲಿ ಈ ವಾದವನ್ನು ಬಲವಾಗಿ ಮಂಡಿಸಿದನು: ಸಕ್ಕರೆಯ ದ್ವೀಪಗಳು ಲಾಭ ಕೊಡದಾದಾಗ ಮನಃಸಾಕ್ಷಿಗೆ ಎಚ್ಚರವಾಯಿತೆಂಬುದು ಅದರ ಸಾರ. ಮುಂದೆ ಬಂದ ಡ್ರೆಷರ್ ಮೊದಲಾದವರು ಲೆಕ್ಕಗಳನ್ನು ಪರಿಶೀಲಿಸಿ, 1807ರಲ್ಲಿ ಆ ವ್ಯಾಪಾರ ಲಾಭದಲ್ಲಿಯೇ ಇತ್ತೆಂದು ತೋರಿಸಿದ್ದಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಎರಡನೆಯ ಪಕ್ಷವೇ ಬಲವಾಗಿ ತೋರುತ್ತದೆ. ಆದರೆ ವಿಲಿಯಮ್ಸ್ ಒಂದು ಉಪಕಾರ ಮಾಡಿದನು. ಬಿಡಿಸಿದವರ ಹೊಗಳಿಕೆಯಲ್ಲಿ ಬಿಡುಗಡೆಯ ಬೆಲೆಯನ್ನು ಯಾರಿಗೆ ತೆತ್ತರೆಂಬುದನ್ನು ಮರೆಯದಂತೆ ಮಾಡಿದನು.

ಆ ಬೆಲೆ ಇದು. 1833ರ ಕಾನೂನಿನ ಪ್ರಕಾರ ಸರ್ಕಾರ 2 ಕೋಟಿ ಪೌಂಡುಗಳ ಪರಿಹಾರವನ್ನು ಕೊಟ್ಟಿತು. ಅದು ಅದರ ಒಂದು ವರ್ಷದ ವೆಚ್ಚದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು. ಕೊಟ್ಟದ್ದು ಒಡೆಯರಿಗೆ. ಸುಮಾರು 8 ಲಕ್ಷ ಗುಲಾಮರಿಗೆ ಒಂದು ಕಾಸೂ ಇಲ್ಲ. ಮೇಲಾಗಿ 1838ರವರೆಗೆ ಅಭ್ಯಾಸಿಗಳೆಂಬ ಹೆಸರಿನಲ್ಲಿ ಅದೇ ಒಡೆಯರಿಗೆ ದುಡಿಯಬೇಕಾಯಿತು. ಆ ಸಾಲದ ಕೊನೆಯ ಕಂತು ಬ್ರಿಟಿಷ್ ಖಜಾನೆಯಿಂದ ತೀರಿದ್ದು 2015ರಲ್ಲಿ. ಪರಿಹಾರ ಪಡೆದವರ ಪಟ್ಟಿಯಲ್ಲಿ ಪಾದ್ರಿಗಳೂ ಇದ್ದಾರೆ. ಬಾರ್ಬಡೋಸಿನ ಆ ಎರಡು ತೋಟಗಳ 411 ಗುಲಾಮರಿಗಾಗಿ ಸುವಾರ್ತಾಪ್ರಸಾರ ಸಂಘಕ್ಕೆ 8,823 ಪೌಂಡುಗಳು ಸಂದುವು. 2006ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ರಾಜಮಾನ್ಯ ಸಭೆಯ ಮಹಾಸಮಿತಿ ಈ ಪಾಪದಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೇಳಿತು. 2023ರ ಜನವರಿಯಲ್ಲಿ ಅದರ ಆಸ್ತಿಯ ಆಡಳಿತಗಾರರು, ಹದಿನೆಂಟನೆಯ ಶತಮಾನದಲ್ಲಿ ತಮ್ಮ ನಿಧಿಯ ಹಣ ಗುಲಾಮರನ್ನು ಸಾಗಿಸುತ್ತಿದ್ದ ಕಂಪೆನಿಯಲ್ಲಿ ತೊಡಗಿತ್ತೆಂಬುದನ್ನು ಹಳೆಯ ಖಾತೆಗಳಿಂದಲೇ ತೋರಿಸುವ ವರದಿಯನ್ನು ಪ್ರಕಟಿಸಿ, 10 ಕೋಟಿ ಪೌಂಡುಗಳನ್ನು ಪ್ರಾಯಶ್ಚಿತ್ತ ರೂಪವಾದ ಕಾರ್ಯಗಳಿಗೆ ಮೀಸಲಿಡುವುದಾಗಿ ಸಾರಿದರು. ಸಾಕೇ, ಸಾಲದೇ ಎಂಬ ವಾದ ಅವರವರಲ್ಲೇ ಎದ್ದಿದೆ. ವುಲ್‌ಮನ್ ಅಂಗಡಿಯಲ್ಲಿ ಕುಳಿತು ಮಾಡಿದ ಕೆಲಸವನ್ನು ಆ ಸಭೆ ಕೈಗೆತ್ತಿಕೊಳ್ಳಲು ಎರಡೂವರೆ ಶತಮಾನಗಳು ಬೇಕಾದುವು.

ಕಬ್ಬಿನ ಕಥೆಯಾದರೋ 1838ರಲ್ಲಿ ಮುಗಿಯಲಿಲ್ಲ. ಬಿಡುಗಡೆಯಾದ ನೀಗ್ರೋ ಜನ ತೋಟ ಬಿಟ್ಟು ಹೊರಟಾಗ ತೋಟಗಾರರ ಕಣ್ಣು ನಮ್ಮ ದೇಶದ ಮೇಲೆ ಬಿತ್ತು. 1834ರಿಂದ ಮಾರಿಷಸ್ಸಿಗೂ, 1838ರ ಮೇ ತಿಂಗಳಲ್ಲಿ ಬ್ರಿಟಿಷ್ ಗಯಾನಕ್ಕೂ ಕರಾರಿನ ಕೂಲಿಗಳನ್ನು ಹಡಗಿನಲ್ಲಿ ಒಯ್ದರು. ಗುಲಾಮಗಿರಿವಿರೋಧಿ ಸಂಘದವರು ಕೂಗೆಬ್ಬಿಸಿದ್ದರಿಂದ ಕೆಲವು ವರ್ಷ ನಿಂತು, ಮತ್ತೆ ನಡೆಯಿತು. ಐದು ವರ್ಷದ ಕರಾರು, ತಪ್ಪಿದರೆ ಸೆರೆಮನೆ. 1915ರಲ್ಲಿ ನಮ್ಮವರು ದೀನಬಂಧುವೆಂದು ಕರೆದ ಆಂಡ್ರೂಸರು, ಪಿಯರ್ಸನ್ನರೊಡನೆ ಫೀಜಿ ದ್ವೀಪಗಳಿಗೆ ಹೋದರು. ಇಂಗ್ಲೆಂಡಿನಲ್ಲಿ ಪಾದ್ರಿಯ ದೀಕ್ಷೆ ಪಡೆದಿದ್ದವರು ಅವರು. ಕೂಲಿಸಾಲುಗಳ ಕಿರುಕೋಣೆಗಳನ್ನು ಹೊಕ್ಕು ನೋಡಿದರು. ಕರಾರುಪತ್ರವನ್ನು ಸಾಲು ಸಾಲಾಗಿ ಓದಿ, ಅದರಲ್ಲಿ ಏನನ್ನು ಹೇಳಿಲ್ಲವೆಂಬುದನ್ನು ಬರೆದರು. ತೋಟಗಳಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಪ್ರಮಾಣವನ್ನು ಹಿಂದೂದೇಶದಲ್ಲಿನ ಪ್ರಮಾಣದೊಡನೆ ಹೋಲಿಸಿದರು. ವರದಿ 1916ರಲ್ಲಿ ಹೊರಬಂತು. 1917ರಲ್ಲಿ ಕೂಲಿಗಳನ್ನು ಕಳುಹಿಸುವುದು ನಿಂತಿತು. ಫೀಜಿಯಲ್ಲಿ ಇನ್ನೂ ಉಳಿದಿದ್ದ ಕರಾರುಗಳನ್ನು 1920ರ ಜನವರಿ 1ರಂದು ರದ್ದುಮಾಡಿದರು.